ಚೈನಿನ ಅಂಟಿಗೆ ಹೊಣೆ ಯಾರು

ಮೋಟಾರ್‌ಸೈಕಲ್ಲಿನ ಚೈನು ತೊಳೆಯಲು ಎಲ್ಲಕ್ಕಿಂತ ಮೊದಲು ಬೇಕಾದದ್ದು ನನ್ನ ಅವ್ವನ ಅನುಮತಿ. ಶಹಾಪುರದ ನಮ್ಮ ಮನೆಯ ಅಂಗಳಕ್ಕೆ ಪರಸಿ ಕಲ್ಲು ಹಾಸಿದೆ. ಆ ಕಲ್ಲಿನ ಮೇಲೆ ಒಂದು ಹನಿ ಕರಿ ಎಣ್ಣೆ ಬಿದ್ದರೂ ಅದು ಮುಂದಿನ ಮಳೆಗಾಲದವರೆಗೆ ಅಲ್ಲೇ ಉಳಿಯುತ್ತದೆ, ಮತ್ತು ಅವ್ವ ಅದನ್ನು ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಾಳೆ. ಆದ್ದರಿಂದ ಅವಳು ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಹಾಕಿ ಮುಗಿಸುವವರೆಗೆ ಕಾದು, ಆ ರಂಗೋಲಿಯಿಂದ ಸಾಕಷ್ಟು ದೂರದಲ್ಲಿ ಹಳೆಯ ಗೊಬ್ಬರದ ಚೀಲ ಹಾಸಿಕೊಂಡು ನಾನು ಕೂರುತ್ತೇನೆ.

“ಚೀಲದ ಆಚಿ ಒಂದ್ ಹನಿ ಬಿತ್ತಂದ್ರ ನಿನ್ನ ಓಢಣಿಲೇ ಒರಸ್ತೀನಿ ನೋಡು,” ಎನ್ನುತ್ತಾಳೆ ಅವ್ವ.

“ಒರಸು. ಹೊಣಿ ನಂದೇ,” ಎನ್ನುತ್ತೇನೆ ನಾನು.

“ಈ ಮನ್ಯಾಗ ಹೊಣಿ, ಹೊಣಿ ಅಂತ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ.”

ಕೆಲಸದ ಕ್ರಮ ಸರಳವಾದದ್ದು, ಆದರೆ ಕ್ರಮ ತಪ್ಪಬಾರದು. ಗಾಡಿ ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಬೇಕು, ಎಂಜಿನ್ ಬಂದ್ ಆಗಿರಬೇಕು, ಕೀಲಿ ಜೇಬಿನಲ್ಲಿರಬೇಕು. ಎಂಜಿನ್ ಚಾಲೂ ಇಟ್ಟು ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ನಾನು ನೋಡಿದ್ದೇನೆ. ಅವರಲ್ಲಿ ಕೆಲವರ ಬೆರಳುಗಳನ್ನೂ ನೋಡಿದ್ದೇನೆ. ಚೈನ್ ಕವರಿನ ನಟ್ಟು ಬಿಚ್ಚಿ, ಕತ್ತರಿಸಿದ ನೀರಿನ ಬಾಟಲಿಯಲ್ಲಿ ಸ್ವಲ್ಪ ಡೀಸೆಲ್ ಸುರಿದುಕೊಂಡು, ಹಲ್ಲುಜ್ಜಿ ಸವೆದ ಬ್ರಷ್ಷಿನಿಂದ ಒಂದೊಂದೇ ಕೊಂಡಿಯನ್ನು ಉಜ್ಜುತ್ತ ಹೋಗಬೇಕು. ಹಿಂದಿನ ಗಾಲಿಯನ್ನು ಒಂದು ಕೈ ತಿರುಗಿಸುತ್ತಿರುತ್ತದೆ, ಇನ್ನೊಂದು ಉಜ್ಜುತ್ತಿರುತ್ತದೆ. ಕರಿ ನೀರು ಇಳಿದು ಮುಗಿದ ಮೇಲೆ ಅಪ್ಪನ ಹಳೆಯ ಬನಿಯನ್ನಿನಿಂದ ಒರೆಸಿ ಒಣಗಲು ಬಿಡಬೇಕು. ಕೊನೆಗೆ ಗೇರ್ ಆಯಿಲನ್ನು ಚೈನಿನ ಒಳಮೈಗೆ ಕೊಂಡಿ ಕೊಂಡಿಗೂ ಹನಿಸಿ, ಹೊರಗೆ ಉಳಿದದ್ದನ್ನು ಮತ್ತೆ ಒರೆಸಿ ತೆಗೆಯಬೇಕು. ಎಣ್ಣೆ ಹಾಕುವುದಕ್ಕಿಂತ ಹಾಕಿದ ಎಣ್ಣೆಯನ್ನು ಒರೆಸುವುದು ದೊಡ್ಡ ಕೆಲಸ, ಏಕೆಂದರೆ ಹೊರಮೈಯ ಎಣ್ಣೆಗೆ ಬಂದು ಕೂರಲು ನಮ್ಮ ಸೀಮೆಯ ಧೂಳು ಸದಾ ಸಿದ್ಧವಾಗಿರುತ್ತದೆ. ಎಲ್ಲ ಮುಗಿದು ಗಾಲಿಯನ್ನು ಒಮ್ಮೆ ಜೋರಾಗಿ ತಿರುಗಿಸಿದಾಗ ಕಿರಿಕಿರಿ ಇಲ್ಲದೆ ಬರುವ ಆ ನುಣುಪಾದ ಸದ್ದಿಗಾಗಿ ನಾನು ಭಾನುವಾರದ ನಿದ್ದೆಯನ್ನು ಬಿಟ್ಟುಕೊಡಬಲ್ಲೆ.

ಈ ಗಾಡಿ ಮೊದಲು ಅಪ್ಪನದು. ಮೊಣಕಾಲು ನೋವು ಹೆಚ್ಚಾಗಿ ಅವರು ಕಿಕ್ ಹೊಡೆಯುವುದನ್ನು ಬಿಟ್ಟ ಮೇಲೆ ಅದು ನನ್ನ ಪಾಲಿಗೆ ಬಂತು. ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಬಂದು ಸುರಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಬಸ್ಸು ಇಲ್ಲವೆಂದಲ್ಲ, ಬಸ್ಸಿನ ವೇಳೆಗೂ ನನ್ನ ತರಗತಿಯ ವೇಳೆಗೂ ಯಾವ ಸಂಬಂಧವೂ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊರಡುವ ಗಳಿಗೆಯನ್ನು ನಾನೇ ನಿರ್ಧರಿಸುವ ಸುಖವನ್ನು ಆ ಗಾಡಿ ನನಗೆ ಕಲಿಸಿತ್ತು. ಹತ್ತಿ ಹೊಲಗಳ ನಡುವೆ, ಕಾಲುವೆಯ ಪಕ್ಕದಲ್ಲಿ, ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಹೋಗುವ ಆ ಬೆಳಗಿನ ದಾರಿಯನ್ನು ಕಳೆದುಕೊಳ್ಳುವ ಮಾತು ಎಂದೂ ಬಾರದಿರಲಿ ಎಂದುಕೊಳ್ಳುತ್ತಿದ್ದೆ.

ಆ ಮಾತು ಬಂದೇ ಬಂತು. ಚೈನು ಕೈಕೊಡತೊಡಗಿತ್ತು. ನಾನು ತಿಂಗಳಿಗೊಮ್ಮೆ ತಪ್ಪದೆ ತೊಳೆಯುತ್ತಿದ್ದೆ. ತೊಳೆದ ಮೊದಲ ದಿನಗಳಲ್ಲಿ ಗಾಡಿ ಹಗುರಾಗಿ ಓಡುತ್ತಿತ್ತು. ಆಮೇಲೆ ಯಾವಾಗಲೋ ಒಂದು ದಿನ ಕವರಿನೊಳಗೆ ಟಕ್ ಟಕ್ ಸದ್ದು ಶುರುವಾಗುತ್ತಿತ್ತು. ಒಂದು ಸಲ ಗಾಡಿ ದಾರಿಯಲ್ಲೇ ನಿಂತೂ ಬಿಟ್ಟಿತ್ತು. ಬಿಚ್ಚಿ ನೋಡಿದರೆ ಕೊಂಡಿಗಳು ಮಡಚಿದಲ್ಲೇ ಸೆಟೆದು ನಿಂತಿರುತ್ತಿದ್ದವು. ಅವುಗಳ ಮೇಲೆ ಡೀಸೆಲ್ಲಿಗೂ ಬಗ್ಗದ ಒಂದು ಅಂಟು. ಎಣ್ಣೆಯೇ ಕಲಬೆರಕೆ ಇರಬೇಕೆಂದು ಅಂಗಡಿಗೆ ಹೋಗಿ ವಿವರಣೆ ಕೇಳಿದೆ. ಡಬ್ಬಿಯ ಸೀಲು ಒಡೆದವಳು ನಾನೇ ಎಂದು ಅಂಗಡಿಯವರು ನೆನಪಿಸಿದರು. ಅಂಗಡಿ ಬದಲಿಸಿದೆ. ಅಂಟು ಬದಲಾಗಲಿಲ್ಲ.

“ಆ ನಾರೋ ಎಣ್ಣಿ ಹಾಕ್ತೀ ನೋಡು, ಅದಕ್ಕ ಹಂಗಾಗ್ತದ,” ಎಂದರು ಅಪ್ಪ. “ಪ್ಯಾಟಿ ಎಣ್ಣಿ. ಅದರಾಗ ಏನ್ ಕೂಡಿಸ್ತಾರೋ ಯಾರು ಬಲ್ಲರು.”

“ಹಂಗಲ್ಲಪಾ. ರಸ್ತಾ ಕೆಟ್ಟದ. ಕವರ್ ಒಡದು ಧೂಳು ಒಳಗ ಹೊಕ್ಕೈತಿ. ಅದಕ್ಕ ಯಾರ ಹೊಣಿ ಅಂತ ಕೇಳಬೇಕು.”

“ನೀ ಕೇಳ್ಕೋತ ಕುಂದ್ರು. ಕೆಂಭಾವಿಯಿಂದ ನಿಮ್ಮ ಮಾಮ ಕೇಳಾಕತ್ಯಾನ, ಗಾಡಿ ನನಗ ಕೊಡ್ರಿ ಅಂತ. ಇನ್ನೊಂದ್ ಸಲ ದಾರ್ಯಾಗ ನಿಂತಿತಂದ್ರ ಕೊಟ್ಟು ಬಿಡ್ತೀನಿ. ಹೆಣ್ಣುಡುಗಿ, ನಡು ದಾರ್ಯಾಗ ಒಬ್ಬಾಕಿನ ನಿಂದ್ರೋದು ನನಗ ಸರಿ ಬರಂಗಿಲ್ಲ. ಬಸ್ಸಿಗಿ ಹೋಗು.”

ರಸ್ತೆಯ ಬಗ್ಗೆ ನಾನು ಹೇಳಿದ್ದು ಸುಳ್ಳಲ್ಲ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಕಡೆ ಅರ್ಧ ರಸ್ತೆ ಅಗೆದು, ಜಲ್ಲಿ ಸುರಿದು, ಹಾಗೆಯೇ ಬಿಟ್ಟಿದ್ದರು. ಎಚ್ಚರಿಕೆಯ ಹಲಗೆ ಇರಲಿಲ್ಲ. ಕೆಲಸ ಯಾರದು, ಯಾವಾಗ ಮುಗಿಯುತ್ತದೆ ಎಂದು ಹೇಳುವ ಒಂದು ಸಾಲೂ ಎಲ್ಲಿಯೂ ಇರಲಿಲ್ಲ. ಹೊಲದಿಂದ ಏರಿ ಬರುವ ಟ್ರ್ಯಾಕ್ಟರುಗಳು ಉದುರಿಸಿದ ಎರೆ ಮಣ್ಣು ಅಲ್ಲಿ ಒಣಗಿ, ಹಿಟ್ಟಾಗಿ, ಹಿಂದೆ ಬರುವವರ ಮೂಗಿಗೂ ಗಾಡಿಯ ಚೈನಿಗೂ ಸಮಾನವಾಗಿ ಹಂಚಿಕೆಯಾಗುತ್ತಿತ್ತು. ಸಾರ್ವಜನಿಕರ ಹಣದಿಂದ ಅಗೆದ ಗುಂಡಿಗೆ ಸಾರ್ವಜನಿಕರಿಗೆ ಉತ್ತರ ಹೇಳುವ ಒಬ್ಬ ಮನುಷ್ಯನಾದರೂ ಇರಬೇಕು ಎಂಬುದು ನನ್ನ ನಂಬಿಕೆಯಾಗಿತ್ತು. ಈಗಲೂ ಅದೇ ನಂಬಿಕೆ.

ಚೈನು ಕಳಚಿದ್ದು ಸರಿಯಾಗಿ ಅಲ್ಲಿಯೇ. ಬೇಸಿಗೆ ಏರುತ್ತಿದ್ದ ದಿನಗಳು. ಕಟಕ್ ಎಂದು ಸದ್ದಾಗಿ, ಎಂಜಿನ್ ಬರಿದೇ ಕೂಗಿ, ಗಾಡಿ ಜಲ್ಲಿಯ ಮೇಲೆ ತೇಲಿದಂತಾಗಿ ನಿಂತಿತು. ಪಕ್ಕದ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದವರು ಆ ಕೆಲಸದ ಮೇಸ್ತ್ರಿ. ಕುರ್ಚಿ ಇತ್ತು, ಮೇಸ್ತ್ರಿ ಇದ್ದರು, ಕೆಲಸ ಮಾತ್ರ ಇರಲಿಲ್ಲ. ಗಾಡಿ ನಿಲ್ಲಿಸಿ ನಾನು ನೇರವಾಗಿ ಅವರ ಬಳಿಗೇ ಹೋದೆ.

“ಈ ರಸ್ತೆ ಹಿಂಗ ಬಿಟ್ಟೀರಲ್ರಿ, ಇದಕ್ಕ ಹೊಣಿ ಯಾರ್ರಿ?”

ಅವರು ನನ್ನನ್ನೂ ಗಾಡಿಯನ್ನೂ ನೋಡಿದರು. “ಚೈನ್ ಬಿದ್ದೈತ್ರಿ ಮೇಡಂ.”

“ಅದು ನನಗ ಗೊತ್ತದ. ರಸ್ತೆ ಯಾಕ ಬಿದ್ದದ ಅಂತ ಕೇಳಾಕತ್ತೀನಿ.”

“ನಮ್ಮ ಕೈಯಾಗ ಏನದರಿ. ಮ್ಯಾಲಿನವ್ರಿಗೆ ಕೇಳ್ರಿ.”

“ಮ್ಯಾಲಿನವ್ರು ಯಾರು?”

“ಅವ್ರಿಗೂ ಮ್ಯಾಲ ಇದ್ದಾರ್ರಿ,” ಎಂದು ಅವರು ಬಹಳ ಸೌಜನ್ಯದಿಂದ ಹೇಳಿ, ಕೈ ಒರೆಸಿಕೊಳ್ಳಲು ಒಂದು ಬಟ್ಟೆ ಕೊಟ್ಟರು.

ಚೈನನ್ನು ಬೆರಳಿನಿಂದಲೇ ಹಲ್ಲಿನ ಚಕ್ರಕ್ಕೆ ಏರಿಸಿ, ಕರಿ ಕೈಗಳಲ್ಲೇ ತರಗತಿಗೆ ಹೋದೆ. ವಿದ್ಯಾರ್ಥಿಗಳು ನಕ್ಕರು, ನಾನೂ ನಕ್ಕೆ. ಮನೆಯಲ್ಲಿ ನಗು ಇರಲಿಲ್ಲ. ಸುರಪುರದ ಬಸ್ಸಿನ ಕಿಟಕಿಯಿಂದ ನನ್ನನ್ನು ಕಂಡ ನಮ್ಮ ಓಣಿಯವರೊಬ್ಬರು ನನಗಿಂತ ಮೊದಲೇ ಊರು ಸೇರಿ, ಸುದ್ದಿಯನ್ನು ಅಪ್ಪನಿಗೆ ಮುಟ್ಟಿಸಿಬಿಟ್ಟಿದ್ದರು. ಅಪ್ಪ ಜೋರು ಮಾಡಲಿಲ್ಲ. ಕೆಂಭಾವಿಗೆ ಫೋನ್ ಹಚ್ಚಿ, “ಐತವಾರ ಬಂದು ಗಾಡಿ ಒಯ್ಯಪಾ,” ಎಂದಷ್ಟೇ ಹೇಳಿದರು.

ಆ ಭಾನುವಾರ ನಾನು ಎಂದಿಗಿಂತ ಬೇಗ ಚೀಲ ಹಾಸಿದೆ. ಗಾಡಿ ಹೋಗುವುದೇ ಆದರೆ ಅದರ ಚೈನು ಸರಿಯಿದ್ದೇ ಹೋಗಬೇಕು, ಮತ್ತು ಅದು ಯಾಕೆ ಕೆಟ್ಟಿತು ಎಂಬುದು ನನಗೆ ತಿಳಿದೇ ಹೋಗಬೇಕು. ಈ ಸಲ ಉಜ್ಜಿ ಬಿಡುವ ಕೆಲಸವಿರಲಿಲ್ಲ. ಚೈನಿನ ಲಾಕನ್ನು ಇಕ್ಕಳದಿಂದ ಬಿಡಿಸಿ ಇಡೀ ಚೈನನ್ನೇ ಹೊರಗೆಳೆದೆ. ಅದು ನೇತಾಡಲಿಲ್ಲ. ಎತ್ತಿ ಹಿಡಿದರೆ ಒಣಗಿದ ಬಳ್ಳಿಯ ಹಾಗೆ ಅಂಕುಡೊಂಕಾಗಿ ನಿಂತುಕೊಂಡಿತು. ಮೇಲಿನ ಕಪ್ಪನ್ನು ಡೀಸೆಲ್ಲಿನಲ್ಲಿ ಕಳೆದ ಮೇಲೆ, ಕೊಂಡಿಗಳ ಸಂದಿಯಲ್ಲಿ ಕಂಡದ್ದು ಕಪ್ಪಲ್ಲ. ಹಳದಿ ಮಿಶ್ರಿತ ಕಂದು ಬಣ್ಣದ, ಉಗುರಿಗೆ ಚರ್ಮದ ಹಾಗೆ ಏಳುವ ಒಂದು ಪೊರೆ. ಮಣ್ಣು ಹೀಗಿರುವುದಿಲ್ಲ. ಗೇರ್ ಆಯಿಲೂ ಹೀಗಾಗುವುದಿಲ್ಲ. ಅದು ಹಳೆಯದಾದರೆ ಕರಿದಾಗುತ್ತದೆಯೇ ಹೊರತು ಒಣಗಿ ಚರ್ಮವಾಗುವುದಿಲ್ಲ. ಕೆರೆದ ಚೂರನ್ನು ಒರೆಸಿ ಮೂಗಿಗೆ ಹಿಡಿದೆ. ಡೀಸೆಲ್ಲಿನ ಘಾಟಿನ ಹಿಂದೆ ಇನ್ನೊಂದು ವಾಸನೆ ಇತ್ತು. ತೀರ ಪರಿಚಯದ್ದು, ಆದರೆ ಗಾಡಿಗೆ ಸಂಬಂಧವಿಲ್ಲದ್ದು. ನನಗೆ ಹಸಿವಾಯಿತು, ಅದೇ ವಿಚಿತ್ರ.

ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಕರೆದೆ. ಹಿಟ್ಟಿನ ಕೈಯಲ್ಲೇ ಬಂದಳು.

“ಅವ್ವಾ, ಇದನ್ನ ಮೂಸಿ ನೋಡು.”

“ಥೂ, ನನಗ ಬ್ಯಾರೆ ಕೆಲಸ ಇಲ್ಲೇನ?” ಎಂದರೂ ಬಾಗಿ ಮೂಸಿದಳು. ನೆಟ್ಟಗಾದಳು. ಮತ್ತೆ ಬಾಗಿ ಮೂಸಿದಳು. “ಇದು ನಮ್ಮ ಕುಸುಬಿ ಎಣ್ಣಿ.”

“ಖರೇನ?”

“ಖರೇನ ಅಂದ್ರ? ಎಣ್ಣಿ ಕಡಾಯಿ ಅಂಚಿಗೆ ತಿಕ್ಕಲಾರದ ಬಿಟ್ಟ್ರ ಹಿಂಗ ಹತ್ತತದ. ಉಗುರಿಲೆ ಕೆರದ್ರೂ ಬರಂಗಿಲ್ಲ. ದಿನಾ ತಿಕ್ಕಾಕಿ ನಾನು, ನನಗ ಗೊತ್ತಿಲ್ಲೇನ?” ಅವಳ ಮುಖದಲ್ಲಿ ಬೇರೆಯೇ ಒಂದು ಬೆಳಕು ಮೂಡಿತು. “ನಿಂದ್ರು. ಹಂಗಾದ್ರ ನನ್ನ ಎಣ್ಣಿ ಡಬ್ಬಿ ಲಗೂನ ಖಾಲಿ ಆಗಾಕತ್ತದಲ್ಲ, ಅದು ಇದಕ್ಕನ? ಪಾಪ, ನಾ ಇಷ್ಟ್ ದಿನ ಬೆಕ್ಕಿಗೆ ಬೈದೀನಿ.”

ಕುಸುಬಿ ಎಣ್ಣೆ ನಮ್ಮ ಮನೆಯ ಹೆಮ್ಮೆ. ನಮ್ಮದೇ ಹೊಲದ ಕಾಳು, ನಮ್ಮ ಕಣ್ಣೆದುರಿಗೇ ಗಾಣದಲ್ಲಿ ಹಿಂಡಿಸಿದ್ದು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಮೇಲೆ ಅದನ್ನು ಹಸಿಯಾಗಿಯೇ ಸುರಿದುಕೊಂಡು ಬಿಸಿ ರೊಟ್ಟಿ ತಿನ್ನುವವರಿಗೆ ಬೇರೆ ಯಾವ ಎಣ್ಣೆಯೂ ರುಚಿಸುವುದಿಲ್ಲ. ಆದರೆ ಬಿಸಿಲಿಗೂ ಗಾಳಿಗೂ ತೆಳ್ಳಗೆ ಹರಡಿದರೆ ಅದು ಎಣ್ಣೆಯಾಗಿ ಉಳಿಯದೆ ಒಣಗಿ ವಾರ್ನಿಷ್ ಆಗುತ್ತದೆ. ಅಂಥ ಎಣ್ಣೆಯನ್ನು, ಎರೆ ಮಣ್ಣಿನ ಧೂಳು ಹೊಕ್ಕ ಚೈನಿಗೆ, ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಯಾರೋ ತಪ್ಪದೆ ಉಣಿಸುತ್ತ ಬಂದಿದ್ದರು.

ಯಾರು? ಆ ಪ್ರಶ್ನೆಯನ್ನು ಇಡೀ ಸೀಮೆಗೆ ಕೇಳುತ್ತ ತಿರುಗಿದವಳು ನಾನು. ಅಂಗಡಿಯವರಿಗೆ ಕೇಳಿದ್ದೆ, ಮೇಸ್ತ್ರಿಗೆ ಕೇಳಿದ್ದೆ. ಮನೆಯೊಳಗೆ ಕೇಳಿರಲಿಲ್ಲ.

ಅಷ್ಟರಲ್ಲಿ ಕೆಂಭಾವಿಯ ಸೋದರಮಾವ ಬಂದ. ಬಂದದ್ದು ತನ್ನದೇ ಹಳೆಯ ಗಾಡಿಯ ಮೇಲೆ, ಮತ್ತು ಆ ಗಾಡಿ ಓಣಿಯ ತಿರುವಿನಿಂದಲೇ ಟಕ್ ಟಕ್ ಎನ್ನುತ್ತ ತನ್ನ ಬರುವಿಕೆಯನ್ನು ಸಾರಿತು. ಅದನ್ನು ಮಾರಿ, ಈ ಗಾಡಿ ಒಯ್ಯುವುದು ಅವನ ವಿಚಾರ. ಗೇಟಿನೊಳಗೆ ಕಾಲಿಟ್ಟವನು ಚೀಲದ ಮೇಲೆ ಬಿದ್ದಿದ್ದ ಚೈನನ್ನು ಕಂಡು ನಿಂತ.

“ಏನ್ ಸೊಸಿ, ಮಾಮ ಬರ್ತಾನಂತ ಗಾಡಿ ಬಿಚ್ಚಿ ಬೇಳಿ ಮಾಡಿಟ್ಟಿ?”

“ಕುಂದ್ರು ಮಾಮಾ. ಇಲ್ಲೊಂದು ವಿಚಾರಣೆ ನಡದದ.”

“ನಾ ಈಗ ಬಂದೀನವಾ. ನನ್ನ ಹೆಸರು ಅದರಾಗ ಬರೀಬ್ಯಾಡ.”

ಹೊಲಕ್ಕೆ ಹೋಗಿದ್ದ ಅಪ್ಪನೂ ಬಂದರು. ಕಟ್ಟೆಯ ಮೇಲೆ ಕುಳಿತು ರುಮಾಲು ಬಿಚ್ಚಿ ಬೆವರು ಒರೆಸಿಕೊಂಡರು. ಎಲ್ಲರೂ ಇದ್ದಾಗಲೇ ಕೇಳುವುದು ಸರಿಯೆಂದು ನಾನು ಎದ್ದು ನಿಂತೆ. ಚೈನನ್ನು ಎತ್ತಿ ಹಿಡಿದೆ. ಅದು ಮತ್ತೆ ಅಂಕುಡೊಂಕಾಗಿ ನಿಂತು ನನ್ನ ಪರವಾಗಿ ಸಾಕ್ಷಿ ಹೇಳಿತು.

“ಅಪ್ಪಾ, ಈ ಚೈನಿಗೆ ಯಾರೋ ಕುಸುಬಿ ಎಣ್ಣಿ ಹಾಕ್ಯಾರ. ಅದು ಒಣಗಿ ಅಂಟಾಗಿ ಕೊಂಡಿ ಹಿಡದದ. ಗಾಡಿ ದಾರ್ಯಾಗ ನಿಂತದ್ದು ಅದಕ್ಕ. ಅವ್ವ ಹಾಕಿಲ್ಲ. ನಾನೂ ಹಾಕಿಲ್ಲ. ಹಂಗಾದ್ರ ಇದಕ್ಕ ಹೊಣಿ ಯಾರು?”

ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. “ನಾನ ಹಾಕೀನಿ,” ಎಂದರು.

ಅವರ ದನಿಯಲ್ಲಿ ಅಳುಕಿರಲಿಲ್ಲ. ವೇಳೆ ಎಷ್ಟಾಯಿತೆಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದರು.

“ಪ್ರತಿ ಅಮಾಸಿಗೆ ಹಾಕ್ತೀನಿ. ಪೂಜಿ ಮಾಡಿ, ಕವರಿಗಿ ರಬ್ಬರ್ ಮುಚ್ಚಳ ಅದಲ್ಲ, ಅದನ್ನ ತಗದು, ಒಂದ್ ಮಿಳ್ಳಿ ಎಣ್ಣಿ ಬಿಡ್ತೀನಿ. ಯಾಕ?”

ಅಮಾವಾಸ್ಯೆಯ ಪೂಜೆ ನನಗೆ ಗೊತ್ತಿತ್ತು. ನಮ್ಮಲ್ಲಿ ಅಂದು ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಗಾಡಿ, ಟ್ರ್ಯಾಕ್ಟರುಗಳನ್ನು ತೊಳೆದು, ವಿಭೂತಿ ಬಳಿದು, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ನಾನು ಜಳಕಕ್ಕೆ ಹೋಗಿ ಬರುವಷ್ಟರಲ್ಲಿ ಅಪ್ಪ ನನ್ನ ಗಾಡಿಯ ಟ್ಯಾಂಕಿಗೆ ವಿಭೂತಿ ಎಳೆದಿರುತ್ತಿದ್ದರು. ಆ ಪೂಜೆಗೆ ಎಣ್ಣೆಯ ಒಂದು ಅಂಗ ಇದೆಯೆಂದು ಮಾತ್ರ ನನಗೆ ತಿಳಿದಿರಲಿಲ್ಲ.

“ನಮ್ಮಪ್ಪ ಬಂಡಿ ಗಾಲಿಗಿ ಅಮಾಸಿಗೊಮ್ಮೆ ಔಡಲೆಣ್ಣಿ ಬಿಡ್ತಿದ್ದ,” ಎಂದರು ಅಪ್ಪ. “ಅಚ್ಚಿಗಿ ಎಣ್ಣಿ ಬಿಡಲಾರದ ಬಂಡಿ ಹೂಡಬಾರದು ಅಂತಿದ್ದ. ಈಗ ಮನ್ಯಾಗ ಔಡಲೆಣ್ಣಿ ಎಲ್ಲದ? ಇದ್ದಿದ್ದರಾಗ ಚೊಲೋ ಎಣ್ಣಿ ಕುಸುಬಿದು. ಕಲಬೆರಕಿ ಇಲ್ಲ. ನೀ ದಿನಾ ಒಬ್ಬಾಕಿನ ಅಷ್ಟು ದೂರ ಹೋಗ್ತೀ, ಪ್ಯಾಟಿ ಎಣ್ಣಿ ನಂಬಿ ಬಿಡ್ಲೇನ?”

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಗಾಡಿ ನಿಲ್ಲದಿರಲಿ ಎಂದು ಅಪ್ಪ ಹಾಕಿದ ಎಣ್ಣೆಯಿಂದಲೇ ಗಾಡಿ ನಿಂತಿತ್ತು, ಮತ್ತು ಗಾಡಿ ನಿಂತಿತೆಂದು ಅದನ್ನು ನನ್ನಿಂದ ಕಸಿಯಲು ಅವರೇ ಫೋನ್ ಹಚ್ಚಿದ್ದರು. ನಾನು ಕೊಂಡಿಯೊಂದರ ಪೊರೆಯನ್ನು ಕೆರೆದು ಅವರ ಅಂಗೈಯಲ್ಲಿಟ್ಟೆ. ಅವರು ಬೆರಳಲ್ಲಿ ತಿಕ್ಕಿದರು, ಮೂಸಿದರು, ಕೊನೆಗೆ ನಾಲಿಗೆಗೂ ಹಚ್ಚಲು ಹೊರಟರು; ಅವ್ವ ಕೈ ಹಿಡಿದಳು.

“ಹೌದು, ಕುಸುಬಿ,” ಎಂದರು ಅಪ್ಪ. ಚೂರನ್ನು ಚೀಲದ ಮೇಲೆ ಉದುರಿಸಿದರು. “ಹಂಗಾದ್ರ ತಪ್ಪು ನಂದೈತಿ. ಬಂಡಿ ಅಚ್ಚಿಗಿ ಆಗಿದ್ದು ಇದಕ್ಕ ಆಗಂಗಿಲ್ಲ.”

ಮಾವ ಮೆಲ್ಲಗೆ ಗೇಟಿನ ಆಚೆ ನಿಂತಿದ್ದ ತನ್ನ ಗಾಡಿಯತ್ತ ನೋಡಿದ.

“ಮಾವಾರ,” ಎಂದ ಅಪ್ಪನಿಗೆ. ಅಕ್ಕನ ಗಂಡನನ್ನು ಅವನು ಕರೆಯುವುದು ಹಾಗೆ. “ನನಗೂ ಅಮಾಸಿಗೊಮ್ಮೆ ಕುಸುಬಿ ಎಣ್ಣಿ ಬಿಡು ಅಂತ ಹೇಳಿದವ್ರು ನೀವ ಅಲ್ಲೇನ್ರಿ?”

ಅವ್ವ ಮೊದಲು ನಕ್ಕಳು. ಸೆರಗು ಬಾಯಿಗೆ ಹಿಡಿದು, ಹಿಟ್ಟಿನ ಕೈಯನ್ನು ಮೊಣಕಾಲಿಗೆ ಬಡಿದು ನಕ್ಕಳು. ಅಪ್ಪ ರುಮಾಲಿನಿಂದ ಮುಖ ಒರೆಸಿಕೊಂಡರು. ರುಮಾಲು ಇಳಿದಾಗ ಅವರೂ ನಗುತ್ತಿದ್ದರು.

“ಹೇಳೀನಪಾ. ಅದೂ ನನ್ನ ಹೊಣಿ,” ಎಂದರು.

“ಇದರ ಸಲುವಾಗಿ ನನ್ನ ಗಾಡಿ ಮಾರಾಕ ಹೊಂಟಿದ್ನಲ್ರಿ,” ಎಂದ ಮಾವ. “ಸೊಸಿ, ನಿನ್ನ ಚೀಲದ ಮ್ಯಾಲ ನನ್ನ ಗಾಡಿಗೂ ಜಾಗಾ ಅದನ?”

ಆಮೇಲಿನದು ಹಬ್ಬದ ಹಾಗೆ ಕಳೆಯಿತು. ಎರಡು ಚೈನುಗಳೂ ಒಂದೇ ಡೀಸೆಲ್ ಬೋಗುಣಿಯಲ್ಲಿ ನೆನೆದವು. ಡೀಸೆಲ್ಲಿಗೆ ಬಗ್ಗದ ಪೊರೆಗೆ ಅವ್ವ ತನ್ನ ಉಪಾಯ ತಂದಳು: ಕಡಾಯಿಯ ಅಂಟು ಬಿಡಿಸಲು ಬಳಸುವ ಸೋಡಾ ಹಾಕಿದ ಬಿಸಿನೀರು. ನಾನು ಉಜ್ಜಿದೆ, ಮಾವ ಕೊಂಡಿಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದ, ಅಪ್ಪ ಕಟ್ಟೆಯ ಮೇಲಿಂದ “ಅಲ್ಲೊಂದು ಉಳೀತು, ಇಲ್ಲೊಂದು ಉಳೀತು” ಎಂದು ಮೇಲ್ವಿಚಾರಣೆ ನಡೆಸಿದರು. ನೀರಿನಂಶ ಉಳಿದರೆ ತುಕ್ಕು ಹಿಡಿಯುತ್ತದೆಂದು ಒರೆಸಿ, ಬಿಸಿಲಿಗೆ ಹಾಕಿ, ಪೂರ್ತಿ ಒಣಗಿದ ಮೇಲೆ ಏರಿಸಿದೆವು. ಲಾಕ್ ಹಾಕುವಾಗ ಅದರ ಬಾಯಿ ಚೈನು ಓಡುವ ದಿಕ್ಕಿಗೆ ವಿರುದ್ಧವಾಗಿ ಇರಬೇಕೆಂದು ನಾನು ಮಾವನಿಗೆ ತೋರಿಸಿದೆ. ಗೇರ್ ಆಯಿಲ್ ಹನಿಸಿ, ಒರೆಸಿ, ಗಾಲಿ ತಿರುಗಿಸಿದೆ. ಎಲ್ಲರೂ ಆ ಸದ್ದು ಕೇಳಿದರು.

“ನನ್ನ ಗಾಡಿ ಇಷ್ಟ್ ಸಾಧು ಇತ್ತೇನು?” ಎಂದು ಮಾವ ತನ್ನ ಗಾಡಿ ಹತ್ತಿ ಕೆಂಭಾವಿಗೆ ಹೋದ. ಓಣಿಯ ತಿರುವು ದಾಟಿದ್ದು ಯಾರಿಗೂ ಕೇಳಿಸಲಿಲ್ಲ. ಪರಸಿ ಕಲ್ಲಿನ ಮೇಲೆ ಚೀಲದ ಆಚೆ ಬಿದ್ದ ಹನಿಗಳನ್ನು ಅವ್ವ ನೋಡಿದಳು. ಎಲ್ಲವೂ ಅಪ್ಪನ ಲೆಕ್ಕಕ್ಕೆ ಹೋದವು.

ಮುಂದಿನ ಅಮಾವಾಸ್ಯೆಗೆ ನಾನು ಜಳಕ ಬೇಗ ಮುಗಿಸಿ ಅಂಗಳಕ್ಕೆ ಬಂದೆ. ಅಪ್ಪ ವಿಭೂತಿ ಎಳೆದು, ನಿಂಬೆಹಣ್ಣು ಇಟ್ಟು, ಅಭ್ಯಾಸದಂತೆ ರಬ್ಬರ್ ಮುಚ್ಚಳಕ್ಕೆ ಕೈ ಹಾಕಿ ನಿಂತರು. ನಾನು ಮಿಳ್ಳಿಯಲ್ಲಿ ಗೇರ್ ಆಯಿಲ್ ತುಂಬಿ ಕೊಟ್ಟೆ. ಮೂಗು ಸಿಂಡರಿಸಿದರು. “ದೇವರಿಗೂ ತಡಕೊಳ್ಳಾಕ ಆಗಂಗಿಲ್ಲ ಈ ನಾತ,” ಎನ್ನುತ್ತಲೇ ಗಾಲಿ ತಿರುಗಿಸಿ ಹನಿ ಹನಿಯಾಗಿ ಬಿಟ್ಟರು. ಆಮೇಲೆ, “ನಡಿ, ನಾನೂ ಸುರಪುರಕ್ಕ ಬರ್ತೀನಿ. ಹೆಂಗ ಓಡತದ ನೋಡಬೇಕು,” ಎಂದು ಹಿಂದೆ ಹತ್ತಿದರು.

ಚೈನು ಸರಾಗವಾಗಿ ಓಡಿತು. ರಸ್ತೆ ಓಡಲಿಲ್ಲ. ಅಗೆದ ಜಾಗ ಹಾಗೆಯೇ ಇತ್ತು, ಜಲ್ಲಿ ಹಾಗೆಯೇ ಇತ್ತು, ಬೇವಿನ ಕೆಳಗೆ ಕುರ್ಚಿಯೂ ಮೇಸ್ತ್ರಿಯೂ ಹಾಗೆಯೇ ಇದ್ದರು. ಅಂಟಿನ ಹೊಣೆ ರಸ್ತೆಯದಲ್ಲವೆಂದು ನನಗೆ ತಿಳಿದಿತ್ತು. ಆದರೆ ಒಡೆದ ಕವರಿನದೂ, ಒಳಹೊಕ್ಕ ಧೂಳಿನದೂ, ದಿನವೂ ಅಲ್ಲಿ ಜಾರಿ ಬೀಳುವವರದೂ ಹೊಣೆ ಇನ್ನೂ ಯಾರ ಹೆಗಲನ್ನೂ ಏರಿರಲಿಲ್ಲ. ನಾನು ಹಾಗೇ ದಾಟುವುದರಲ್ಲಿದ್ದೆ, ತರಗತಿಗೆ ಹೊತ್ತಾಗಿತ್ತು. ಹಿಂದಿನಿಂದ ಅಪ್ಪ ಭುಜ ತಟ್ಟಿದರು.

“ನಿಂದ್ರಸು.”

ಅವರು ನೋವಿನ ಕಾಲನ್ನು ಮೆಲ್ಲಗೆ ಇಳಿಸಿ, ಜಲ್ಲಿಯ ಮೇಲೆ ಜಾಗ ನೋಡಿಕೊಂಡು ನಡೆದು, ಕುರ್ಚಿಯ ಮುಂದೆ ನಿಂತರು.

“ನಮಸ್ಕಾರ್ರಿ. ಈ ರಸ್ತಾಕ್ಕ ಹೊಣಿ ಯಾರ್ರಿ?”

ಮೇಸ್ತ್ರಿ ನನ್ನನ್ನು ಗುರುತಿಸಿದರು. “ಅವಾಗ ಹೇಳೀನಲ್ರಿ ಮೇಡಂ ಅವ್ರಿಗೆ. ಮ್ಯಾಲಿನವ್ರು—”

“ಮ್ಯಾಲಿನವ್ರ ಮಾತು ಆಮ್ಯಾಲ,” ಎಂದರು ಅಪ್ಪ. “ಆಕಿ ಗಾಡಿ ಚೈನ್ ಕೆಡಿಸಿದಾವ ನಾನು. ಮಗಳ ಮುಂದ, ಹೆಂಡ್ತಿ ಮುಂದ, ಹೆಂಡ್ತಿ ತಮ್ಮನ ಮುಂದ ಒಪ್ಪಿಕೊಂಡೀನಿ. ಏನೂ ಆಗಂಗಿಲ್ರಿ, ಮ್ಯಾಲ ಊಟಾನೂ ಹಾಕ್ತಾರ. ನೀವೂ ಒಂದು ಹೆಸರು ಹೇಳ್ರಿ.”

ಮೇಸ್ತ್ರಿ ಅಪ್ಪನ ಮುಖ ನೋಡಿದರು, ನನ್ನನ್ನು ನೋಡಿದರು, ಗಾಡಿಯನ್ನು ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು, ಅದನ್ನು ಅಪ್ಪನ ಕಡೆಗೆ ಸರಿಸಿ, ಜೇಬಿನಿಂದ ಫೋನ್ ತೆಗೆದರು.

“ಕುಂದ್ರಿರಿ ಯಜಮಾನ್ರ,” ಎಂದರು. “ನಂಬರ್ ಹುಡುಕ್ತೀನಿ.”

ಅಪ್ಪ ಕುಳಿತರು. ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, ಎಲ್ಲಿಗೂ ಹೋಗುವ ಅವಸರವಿಲ್ಲದವರ ಹಾಗೆ ಕುಳಿತರು. ನಾನು ಗಾಡಿಯನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ.